ಸ್ವರ್ಣಾ: ಘಟ್ಟದಿಂದ ಅಳಿವೆಯವರೆಗೆ

ಕಾರ್ಕಳ ತಾಲೂಕಿನ ಪೂರ್ವದಂಚಿನಲ್ಲಿ, ಕುದುರೆಮುಖ ಶ್ರೇಣಿಯ ಪಡುವಣ ಇಳಿಜಾರಿನ ಕಾಡುಗಳಲ್ಲಿ ಸ್ವರ್ಣಾ ನದಿ ಹುಟ್ಟುತ್ತದೆ. ಸುವರ್ಣಾ ಎಂಬ ಹೆಸರೂ ಬಳಕೆಯಲ್ಲಿದೆ. ಘಟ್ಟಕ್ಕೂ ಕಡಲಿಗೂ ನಡುವೆ ನೆಲ ಕಿರಿದಾದ್ದರಿಂದ ಹೊಳೆಯ ಓಟ ಚಿಕ್ಕದು, ಇಳಿತ ಕಡಿದು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ದಡ ಮೀರಿ ಹರಿಯುವ ನೀರು ಹೆಚ್ಚು ಹೊತ್ತು ನಿಲ್ಲದೆ ಸಮುದ್ರ ಸೇರುತ್ತದೆ.

ಕಾರ್ಕಳದ ಹತ್ತಿರ ಮುಂಡ್ಲಿಯಲ್ಲಿ ಮೊದಲ ದೊಡ್ಡ ಕಟ್ಟೆ. ಅಲ್ಲಿಂದ ಮುಂದೆ ಎಣ್ಣೆಹೊಳೆ ಬಂದು ಕೂಡುತ್ತದೆ. ಹಿರಿಯಡ್ಕದ ಸುತ್ತಮುತ್ತ ಇದೇ ನದಿಯ ದಡದಲ್ಲಿ ಉಡುಪಿಯ ಅಷ್ಟಮಠಗಳ ಪೈಕಿ ಶಿರೂರು ಮತ್ತು ಪುತ್ತಿಗೆಯ ಮೂಲಮಠಗಳಿವೆ. 2020ರ ಸೆಪ್ಟೆಂಬರ್ 20ರ ಮಹಾಮಳೆಗೆ ಪುತ್ತಿಗೆ ಮಠದೊಳಕ್ಕೂ ನೆರೆ ನುಗ್ಗಿತ್ತು.

ಹಿರಿಯಡ್ಕ ಬಳಿಯ ಬಜೆ ಅಣೆಕಟ್ಟು ಉಡುಪಿ–ಮಣಿಪಾಲದ ಕುಡಿಯುವ ನೀರಿನ ಆಸರೆ. ಊರಿನ ಭಾಗ್ಯ ಈ ಒಂದೇ ಹೊಳೆಗೆ ಕಟ್ಟಿಕೊಂಡಿದ್ದರ ಅಪಾಯ 2019ರ ಬೇಸಿಗೆಯಲ್ಲಿ ಎಲ್ಲರಿಗೂ ಮನವರಿಕೆಯಾಯಿತು: ಬಜೆಯ ಒಡಲು ಬತ್ತಿ, ಗುಂಡಿಗಳಲ್ಲಿ ಉಳಿದ ನೀರನ್ನು ಪಂಪ್ ಹಚ್ಚಿ ಎತ್ತಬೇಕಾಯಿತು. ನೂರಕ್ಕೂ ಹೆಚ್ಚು ಅಂಗುಲ ಮಳೆ ಬೀಳುವ ಜಿಲ್ಲೆಯಲ್ಲಿ ಮೇ ತಿಂಗಳಿಗೆ ನೀರಿಲ್ಲದಿರುವುದಕ್ಕೆ ಮಳೆಯನ್ನು ದೂರಿ ಫಲವಿಲ್ಲ. ಮುರಕಲ್ಲಿನ ನೆಲ ನೀರನ್ನು ಬೇಗ ಬಿಟ್ಟುಕೊಡುತ್ತದೆ, ಬಜೆಯಂಥ ಸಣ್ಣ ಕಟ್ಟೆಗೆ ಹಿಡಿದಿಡುವ ಶಕ್ತಿ ಕಡಿಮೆ. ಹೀಗಾಗಿಯೇ ವಾರಾಹಿ ನದಿಯ ನೀರನ್ನು ಉಡುಪಿಗೆ ತರುವ ಯೋಜನೆ ಹುಟ್ಟಿತು. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತರೆ ಆಳದಲ್ಲಿ ಸ್ವರ್ಣೆಯ ತಿರುವು ಕಾಣುತ್ತದೆ.

ಕಲ್ಯಾಣಪುರದ ಹೊತ್ತಿಗೆ ನದಿಗೆ ಉಪ್ಪು ಬೆರೆಯುತ್ತದೆ. ರಾಷ್ಟ್ರೀಯ ಹೆದ್ದಾರಿಯೂ ಕೊಂಕಣ ರೈಲು ಮಾರ್ಗವೂ ಈ ಭಾಗದಲ್ಲಿ ಹೊಳೆ ದಾಟುತ್ತವೆ. ಕಲ್ಯಾಣಪುರ ಹಳೆಯ ವ್ಯಾಪಾರದೂರು. ಇಲ್ಲಿನ ಮಿಲಾಗ್ರಿಸ್ ಇಗರ್ಜಿ 1678ರದು. 2012ರಲ್ಲಿ ಉಡುಪಿ ಧರ್ಮಪ್ರಾಂತ ರಚನೆಯಾದಾಗ ಅದು ಪ್ರಧಾನ ದೇವಾಲಯವಾಯಿತು.

ಇಲ್ಲಿಂದ ಕೆಳಗೆ ಹೊಳೆ ಅಗಲವಾಗಿ ಕವಲೊಡೆದು, ನಡುವೆ ತೆಂಗಿನ ತೋಟಗಳ ಕುದ್ರುಗಳನ್ನು (ನದಿನಡುವಿನ ದ್ವೀಪಗಳನ್ನು) ಬಿಟ್ಟು ಹರಿಯುತ್ತದೆ. ಕೆಮ್ಮಣ್ಣಿನ ತಿಮ್ಮಣ್ಣಕುದ್ರಿಗೆ ತೂಗುಸೇತುವೆಯಿದೆ. ದಡದ ಕಾಂಡ್ಲಾ ಕಾಡುಗಳಲ್ಲಿ ಮೀನು, ಸೀಗಡಿಗಳ ಮರಿಗಳು ಬೆಳೆಯುತ್ತವೆ. ಇಳಿತದ ವೇಳೆ ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರಿಗೂ ಹೊಳೆ ಅನ್ನ ಕೊಡುತ್ತದೆ. ಕೋಡಿಬೆಂಗ್ರೆಯ ಮರಳ ದಿಣ್ಣೆಯ ಪಕ್ಕದಲ್ಲಿ, ಉತ್ತರದಿಂದ ಬರುವ ಸೀತಾನದಿ ಸ್ವರ್ಣೆಯನ್ನು ಕೂಡುತ್ತದೆ. ಎರಡೂ ಒಂದೇ ಅಳಿವೆಯಲ್ಲಿ ಅರಬ್ಬೀ ಸಮುದ್ರ ಸೇರುತ್ತವೆ. ಆಚೆ ದಡದ ಹಂಗಾರಕಟ್ಟೆಯಲ್ಲಿ ಹಡಗು ಕಟ್ಟುವ ಕೆಲಸ ನಡೆಯುತ್ತದೆ.