ಚಿತ್ರ ಒಂದೇ, ಕಿಟಕಿ ಹಲವು

ಅಂತರಜಾಲದ ಪುಟವೊಂದರಲ್ಲಿ ಒಂದು ವೃತ್ತವನ್ನು ಬರೆಯಬೇಕು. ಮಕ್ಕಳೂ ಬಳಪದಿಂದ ಗೀಚಬಲ್ಲ ವೃತ್ತ. ಇದರಲ್ಲೇನು ಮಹಾ ಕಷ್ಟ ಎಂದು ಓದುಗರು ಕೇಳಿಯಾರು. ಆದರೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಪುಟ ರಚಿಸುವವರ ನಿದ್ದೆಗೆಡಿಸಿದ್ದು ಈ ವೃತ್ತವೇ. ಒಬ್ಬನ ಪರದೆಯ ಮೇಲೆ ಅದು ಹುಣ್ಣಿಮೆಯ ಚಂದ್ರನಂತೆ ಮೂಡುತ್ತಿತ್ತು. ನೆರೆಮನೆಯವನ ಪರದೆಯ ಮೇಲೆ ಬರಿಯ ಬಯಲು.

ಪುಟವನ್ನು ತೆರೆದು ತೋರಿಸುವ ಸಾಧನಕ್ಕೆ ಬ್ರೌಸರ್ ಎಂದು ಹೆಸರು. 2004ರಲ್ಲಿ ಆಪಲ್ ಸಂಸ್ಥೆ 'ಕ್ಯಾನ್‌ವಾಸ್' ಎಂಬ ಸೌಕರ್ಯವನ್ನು ಬೆಳಕಿಗೆ ತಂದಿತು. ಪುಟದ ನಡುವೆ ಹಾಸಿದ ಒಂದು ಖಾಲಿ ಹಾಳೆ ಅದು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಆಜ್ಞೆಯಿತ್ತರೆ ಗೆರೆ, ಬಣ್ಣಗಳು ಮೂಡುತ್ತವೆ. 2005ರಲ್ಲಿ ಫೈರ್‌ಫಾಕ್ಸ್, ಮರುವರ್ಷ ಒಪೆರಾ ಅದನ್ನು ಅಳವಡಿಸಿಕೊಂಡವು. ಹೊರಗುಳಿದದ್ದು ಮೈಕ್ರೊಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದೇ. ಆದರೇನು? ಆಗ ಜಗತ್ತಿನ ಬಹುಪಾಲು ಜನ ಬಳಸುತ್ತಿದ್ದುದು ಅದನ್ನೇ!

ಎಕ್ಸ್‌ಪ್ಲೋರರಿಗೆ ಚಿತ್ರ ಬರೆಯಲು ಬಾರದೆಂದಲ್ಲ. 1999ರಿಂದಲೂ ಅದಕ್ಕೆ ವಿ.ಎಂ.ಎಲ್. ಎಂಬ ತನ್ನದೇ ಪದ್ಧತಿಯಿತ್ತು. ಎರಡರ ಸ್ವಭಾವ ಮಾತ್ರ ಬೇರೆ. ಕ್ಯಾನ್‌ವಾಸ್‌ನದು ಕುಂಚದ ಕೆಲಸ. ಬಣ್ಣ ಹಾಳೆಗೆ ಇಳಿಯಿತೆಂದರೆ ಆ ಗೆರೆಯ ನೆನಪನ್ನು ಯಂತ್ರ ಇಟ್ಟುಕೊಳ್ಳುವುದಿಲ್ಲ. ವಿ.ಎಂ.ಎಲ್.ನದು ಕಾಗದ ಕತ್ತರಿಸಿ ಅಂಟಿಸುವ ಕೆಲಸ. ಪ್ರತಿಯೊಂದು ಆಕೃತಿಯೂ ಬಿಡಿ ವಸ್ತುವಾಗಿ ಪುಟದಲ್ಲಿ ಉಳಿದುಬಿಡುತ್ತದೆ.

ಈ ಎರಡರ ನಡುವೆ ದುಭಾಷಿಯಾಗಲೆಂದು 2006ರಲ್ಲಿ ಗೂಗಲ್ ಸಂಸ್ಥೆ 'ಎಕ್ಸ್‌ಪ್ಲೋರರ್ ಕ್ಯಾನ್‌ವಾಸ್' ಎಂಬ ಪುಟ್ಟ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಅದೇ ವರ್ಷ ಹೊರಬಂದ ಅದರ 'ವೆಬ್ ಟೂಲ್‌ಕಿಟ್' ಇನ್ನೂ ಜಾಣತನದ ದಾರಿ ಹಿಡಿಯಿತು. ರಚಿಸುವವನು ಜಾವಾ ಭಾಷೆಯಲ್ಲಿ ಒಮ್ಮೆ ಬರೆದರೆ ಸಾಕು. ಟೂಲ್‌ಕಿಟ್ ಅದನ್ನು ಒಂದೊಂದು ಬ್ರೌಸರಿಗೂ ಪ್ರತ್ಯೇಕವಾಗಿ ಜಾವಾಸ್ಕ್ರಿಪ್ಟಿಗೆ ಪರಿವರ್ತಿಸಿಡುತ್ತದೆ. ಪುಟ ತೆರೆದಾಗ ಬಂದ ಬ್ರೌಸರ್ ಯಾವುದೆಂದು ಗುರುತಿಸಿ, ಅದಕ್ಕೆ ತಕ್ಕ ಪ್ರತಿಯನ್ನಷ್ಟೇ ಬಡಿಸುತ್ತದೆ. ಈ ಏರ್ಪಾಡನ್ನು ಬಳಸಿಕೊಂಡು, ಟೂಲ್‌ಕಿಟ್‌ನ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಚಿತ್ರಫಲಕವೊಂದು ಎಕ್ಸ್‌ಪ್ಲೋರರಿನಲ್ಲಿ ವಿ.ಎಂ.ಎಲ್. ಮೂಲಕವೂ ಉಳಿದೆಡೆ ಕ್ಯಾನ್‌ವಾಸ್ ಮೂಲಕವೂ ಚಿತ್ರ ಬರೆಯಿತು. ಫೈರ್‌ಫಾಕ್ಸ್ ಬಳಸುವವನು ಎಕ್ಸ್‌ಪ್ಲೋರರಿನ ಹೊರೆಯನ್ನು ಹೊರಬೇಕಾಗಲಿಲ್ಲ. ನ್ಯಾಯವಾದ ಏರ್ಪಾಡು!

ಆದರೂ ವೇಷ ವೇಷವೇ. ನಾಲ್ಕು ಗೆರೆಗಳ ನಕ್ಷೆಗೆ ತೊಂದರೆಯಿರಲಿಲ್ಲ. ಕ್ಷಣಕ್ಷಣಕ್ಕೂ ಸಾವಿರಾರು ಗೆರೆಗಳು ಕುಣಿಯುವ ಆಟವಾದರೆ, ಅಂಟಿಸಿದ ಕಾಗದಗಳ ರಾಶಿಯಡಿ ಎಕ್ಸ್‌ಪ್ಲೋರರ್ ಏದುಸಿರು ಬಿಡುತ್ತಿತ್ತು. ಹಾಳೆಯ ಮೇಲಿನ ಒಂದು ಚುಕ್ಕೆಯ ಬಣ್ಣವೇನೆಂದು ಕೇಳಿದರೆ ಕ್ಯಾನ್‌ವಾಸ್ ಉತ್ತರಿಸಬಲ್ಲದು, ವಿ.ಎಂ.ಎಲ್.ನಲ್ಲಿ ಆ ಚುಕ್ಕೆಯೇ ಇಲ್ಲ.

2011ರ ಫೆಬ್ರವರಿಯಲ್ಲಿ ಟೂಲ್‌ಕಿಟ್‌ನ 2.2ನೆಯ ಆವೃತ್ತಿ ಕ್ಯಾನ್‌ವಾಸನ್ನು ತನ್ನೊಳಗೇ ಸೇರಿಸಿಕೊಂಡಿತು. ಜೊತೆಗೆ ವೇಷವನ್ನು ಕಳಚಿತು. ಸೌಕರ್ಯವಿಲ್ಲದ ಬ್ರೌಸರಿನಲ್ಲಿ ಹಾಳೆ ಬೇಡಿದರೆ, ಅದು ನಟಿಸದೆ 'ಇಲ್ಲ' ಎಂದು ಬರಿಗೈ ತೋರಿಸುತ್ತದೆ. ಮುಂದೇನೆಂಬುದು ರಚಿಸಿದವನ ಹೊಣೆ. ಮರುತಿಂಗಳೇ ಬಂದ ಎಕ್ಸ್‌ಪ್ಲೋರರಿನ 9ನೆಯ ಆವೃತ್ತಿ ಕೊನೆಗೂ ಕ್ಯಾನ್‌ವಾಸಿಗೆ ಒಲಿಯಿತು. ಆದರೆ ಆ ಆವೃತ್ತಿ ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರಗಳಿಗೆ ಒಗ್ಗುವಂತಿರಲಿಲ್ಲ. ಅಂಥ ಯಂತ್ರದ ಮುಂದೆ ಕುಳಿತು ಎಕ್ಸ್‌ಪ್ಲೋರರನ್ನೇ ನೆಚ್ಚಿಕೊಂಡವರ ಪಾಲಿಗೆ ವೃತ್ತವಿರಬೇಕಾದಲ್ಲಿ ಆ ಬಯಲೇ ಉಳಿಯಿತು.