ಅಂಗಡಿಯ ಬ್ಲಾಗ್ ಯಾರ ವಿಳಾಸದಲ್ಲಿರಬೇಕು?

ಆನ್‌ಲೈನ್ ಅಂಗಡಿಗೆ ಬ್ಲಾಗ್ ಬೇಕಾಗುವುದು ಸರಕಿನ ಪುಟದಲ್ಲಿ ಹಿಡಿಸದ ಮಾತುಗಳಿಗಾಗಿ. ಇಳಕಲ್ ಸೀರೆ ಮಾರುವ ಪುಟದಲ್ಲಿ ಬೆಲೆ, ಅಳತೆ, ಬಣ್ಣ, ನಾಲ್ಕಾರು ಚಿತ್ರಗಳಿಗಷ್ಟೇ ಜಾಗ. ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಸೇರಿಸುವ ಬಗೆಯನ್ನೂ ಸೀರೆ ಒಗೆಯುವ ಕ್ರಮವನ್ನೂ ಅಲ್ಲೇ ತುರುಕಿದರೆ ಕೊಳ್ಳಲು ಬಂದವರು ಬೇಸತ್ತು ಹೊರಟುಬಿಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಗೂಗಲ್‌ನಲ್ಲಿ ಹುಡುಕುವವರು ಆ ಹೊತ್ತಿಗೆ ಇನ್ನೂ ಗಿರಾಕಿಗಳಲ್ಲ. ಉತ್ತರ ಸಿಕ್ಕಲ್ಲೇ ಮೆಣಸಿನಕಾಯಿಯೂ ಸಿಕ್ಕರೆ ಗಿರಾಕಿಗಳಾಗಬಹುದು. ಹೀಗಾಗಿ ವೇದಿಕೆ ಆರಿಸುವಾಗ ಬರೆಯುವ ಅನುಕೂಲದ ವಿಚಾರ ಆಮೇಲಿನದು. ಬರಹ ಯಾವ ವಿಳಾಸದಲ್ಲಿ ಇರುತ್ತದೆ, ಅಂಗಡಿಗೆ ಎಷ್ಟು ಹತ್ತಿರವಿರುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು.

ಬ್ಲಾಗರ್ ಅಥವಾ ಮೀಡಿಯಂನಲ್ಲಿ ಬರೆಯುವುದು ಸಲೀಸು. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಪಾಲಾದ ಬ್ಲಾಗರ್ ಈಗಲೂ ಪುಕ್ಕಟೆ. 2012ರಲ್ಲಿ ಬಂದ ಮೀಡಿಯಂ ನೋಡಲು ಅಚ್ಚುಕಟ್ಟು. ಆದರೆ ಅವುಗಳ ವಿಳಾಸದಲ್ಲೇ ಬರೆದರೆ, ಓದುಗರು ಕೊಡುವ ಲಿಂಕ್‌ಗಳಿಂದ ಬೆಳೆಯುವ ಹೆಸರು ವೇದಿಕೆಯದ್ದಾಗುತ್ತದೆ, ಅಂಗಡಿಯದ್ದಲ್ಲ. ನಿಯಮಗಳೂ ಅವರ ಕೈಯಲ್ಲೇ. ಸ್ವಂತ ಡೊಮೈನ್ ಜೋಡಿಸುವ ಸೌಲಭ್ಯವನ್ನು ಮೀಡಿಯಂ 2017ರಲ್ಲಿ ಹೊಸಬರಿಗೆ ನಿಲ್ಲಿಸಿ, 2021ರಲ್ಲಿ ಮತ್ತೆ ಕೊಟ್ಟಿತು. ಮುಚ್ಚಿಹೋದ ವೇದಿಕೆಗಳೂ ಕಡಿಮೆಯೇನಲ್ಲ. ಟ್ವಿಟರ್ ಕೊಂಡ ಮರುವರ್ಷ, 2013ರಲ್ಲಿ, ಪೋಸ್ಟರಸ್ ನಿಂತಿತು. ಎರಡು ದಶಕಕ್ಕೂ ಮಿಕ್ಕಿ ನಡೆದ ಟೈಪ್‌ಪ್ಯಾಡ್ ಸುಮಾರು ಒಂದು ತಿಂಗಳ ಗಡುವು ಕೊಟ್ಟು 2025ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಇಂಥ ತಾಣಗಳಿಂದ ಅಂಗಡಿಗೆ ಉಪಯೋಗವೇ ಇಲ್ಲವೆಂದಲ್ಲ. ಮೂಲ ಲೇಖನವನ್ನು ಸ್ವಂತ ಪುಟದಲ್ಲಿಟ್ಟು, ಮೀಡಿಯಂನ ಇಂಪೋರ್ಟ್ ಸೌಲಭ್ಯದಿಂದ ಅಲ್ಲಿಗೊಂದು ಪ್ರತಿ ಒಯ್ದರೆ, ಮೂಲ ಯಾವುದೆಂಬ ಗುರುತು ಸರ್ಚ್ ಎಂಜಿನ್‌ಗೆ ಸಿಗುತ್ತದೆ.

ಸ್ವಂತ ಡೊಮೈನ್‌ನಲ್ಲೂ ಎರಡು ದಾರಿಗಳಿವೆ: ಬ್ಲಾಗ್‌ಗೆ ಪ್ರತ್ಯೇಕ ಸಬ್‌ಡೊಮೈನ್ ಕೊಡುವುದು, ಇಲ್ಲವೇ ಅಂಗಡಿಯ ಡೊಮೈನ್‌ನೊಳಗೇ ಒಂದು ಫೋಲ್ಡರ್‌ನಲ್ಲಿಡುವುದು. ಗೂಗಲ್ ತನಗೆ ಎರಡೂ ಸರಿ ಎನ್ನುತ್ತದೆ. ಆದರೂ ಈ ಕಸುಬಿನವರು ಫೋಲ್ಡರ್ ಕಡೆಗೇ ವಾಲುತ್ತಾರೆ. ಲೇಖನ ಓದಿದವರು ಎಷ್ಟು ಮಂದಿ ಕಾರ್ಟ್‌ವರೆಗೆ ಹೋದರು ಎಂದು ಲೆಕ್ಕ ಹಾಕಲು ಅದು ಸುಲಭ. ಎರಡು ಥೀಮ್, ಎರಡು ಲಾಗಿನ್ ನಿಭಾಯಿಸುವ ಪಾಡೂ ತಪ್ಪುತ್ತದೆ.

ಫೋಲ್ಡರ್ ಸಾಕು ಎಂದಾದರೆ ಶಾಪಿಫೈನಂಥ ಸೇವೆಗಳಲ್ಲಿ ಬ್ಲಾಗ್ ಅಂಗಡಿಯ ಜೊತೆಗೇ ಬರುತ್ತದೆ. ಸ್ನೋಬೋರ್ಡ್ ಮಾರಲು ಹೊರಟವರು ಒಪ್ಪುವ ಸಾಫ್ಟ್‌ವೇರ್ ಸಿಗದೆ ತಾವೇ ಬರೆದುಕೊಂಡದ್ದು ಮುಂದೆ 2006ರಲ್ಲಿ ಈ ಕೆನಡಾ ಕಂಪನಿಯಾಯಿತು. ಬೇರು ಅಂಗಡಿಯದ್ದು ಎಂಬುದು ಅದರ ಬ್ಲಾಗ್ ನೋಡಿದರೇ ಗೊತ್ತಾಗುತ್ತದೆ. ಲೇಖನದ ವಿಳಾಸದಲ್ಲಿ 'ಬ್ಲಾಗ್ಸ್' ಎಂಬ ಭಾಗ ಕಡ್ಡಾಯ. ವಿಂಗಡಣೆಗೆ ಟ್ಯಾಗ್‌ಗಳಷ್ಟೇ, ವಿಭಾಗದೊಳಗೆ ಉಪವಿಭಾಗ ಮಾಡಲಾಗದು. ಸರಕಿನ ಪಟ್ಟಿಯನ್ನು ಒಂದೇ ಫೈಲ್‌ನಲ್ಲಿ ಇಳಿಸಿಕೊಳ್ಳಬಹುದು, ಲೇಖನಗಳನ್ನು ಹಾಗೆ ಇಳಿಸಿಕೊಳ್ಳಲು ಬೇರೆ ಆ್ಯಪ್ ಹುಡುಕಬೇಕು. ಹೊರಗಿನ ಪೇಮೆಂಟ್ ಗೇಟ್‌ವೇ ಬಳಸಿದರೆ ಗೇಟ್‌ವೇ ಶುಲ್ಕದ ಮೇಲೆ ಶಾಪಿಫೈ ತನ್ನದೊಂದು ಶುಲ್ಕವನ್ನೂ ಸೇರಿಸುತ್ತದೆ. ಹಾಗಿದ್ದರೂ ತಿಂಗಳಿಗೆ ಒಂದೋ ಎರಡೋ ಲೇಖನ ಹಾಕುವ, ಸರ್ವರ್ ಎಂದರೆ ದೂರ ಸರಿಯುವ ಮಾರಾಟಗಾರರಿಗೆ ಇದು ಧಾರಾಳವಾಗಿ ಸಾಕು.

ಬರಹವನ್ನೇ ನಂಬಿ ಗಿರಾಕಿಗಳನ್ನು ಕರೆತರುವ ಅಂಗಡಿಗೆ ವರ್ಡ್‌ಪ್ರೆಸ್ ಹೆಚ್ಚು ಒಗ್ಗುತ್ತದೆ. 2003ರಲ್ಲಿ ಬ್ಲಾಗ್ ಬರೆಯುವ ಸಲಕರಣೆಯಾಗಿಯೇ ಹುಟ್ಟಿದ ಇದಕ್ಕೆ 2011ರಲ್ಲಿ ವೂಕಾಮರ್ಸ್ ಎಂಬ ಪ್ಲಗಿನ್ ಅಂಗಡಿಯನ್ನು ಜೋಡಿಸಿತು. ಇಲ್ಲಿ ಲೇಖನದ ನಡುವೆಯೇ ಸೀರೆಯನ್ನು ಬೆಲೆ ಸಮೇತ ಕೂರಿಸಬಹುದು. ಅಂಗಡಿಯಲ್ಲಿ ಬೆಲೆ ಬದಲಾದರೆ ಲೇಖನದಲ್ಲೂ ತಾನಾಗಿ ಬದಲಾಗುತ್ತದೆ. ಸಾಫ್ಟ್‌ವೇರ್ ಉಚಿತ, ಆದರೆ ಉಸ್ತುವಾರಿ ಉಚಿತವಲ್ಲ. ಹೋಸ್ಟಿಂಗ್, ಬ್ಯಾಕಪ್, ಅಪ್‌ಡೇಟ್ ಎಲ್ಲ ಮಾಲೀಕರ ತಲೆಯ ಮೇಲೆ. ಕನ್ನ ಬೀಳುವುದು ಬಹುತೇಕ ವರ್ಡ್‌ಪ್ರೆಸ್‌ನ ಮೂಲ ಭಾಗದಲ್ಲಲ್ಲ, ಅಪ್‌ಡೇಟ್ ಕಾಣದೆ ಬಿದ್ದಿರುವ ಪ್ಲಗಿನ್‌ಗಳಲ್ಲಿ. ವೇಗಕ್ಕೆಂದು ಪುಟಗಳ ಪ್ರತಿಯನ್ನು ಕ್ಯಾಶ್‌ನಲ್ಲಿ ಇಡುವಾಗ ಕಾರ್ಟ್ ಮತ್ತು ಹಣ ಕಟ್ಟುವ ಪುಟಗಳನ್ನು ಹೊರಗಿಡಬೇಕು. ಇಲ್ಲದಿದ್ದರೆ ಒಬ್ಬರ ಕಾರ್ಟ್ ಇನ್ನೊಬ್ಬರಿಗೆ ಕಾಣುವ ಫಜೀತಿ ಆಗಬಹುದು. ವರ್ಡ್‌ಪ್ರೆಸ್‌ನ ಡಾಟ್ ಆರ್ಗ್ ಮತ್ತು ಡಾಟ್ ಕಾಮ್ ಒಂದೇ ಅಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮೊದಲನೆಯದರಲ್ಲಿ ಸಾಫ್ಟ್‌ವೇರ್ ಇಳಿಸಿಕೊಂಡು ತಮ್ಮ ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳುವುದು, ಎರಡನೆಯದು ಒಂದು ಕಂಪನಿ ನಡೆಸುವ ಸೇವೆ.

ಉಳಿದವುಗಳಲ್ಲಿ ಘೋಸ್ಟ್ ಬರಹಕ್ಕೂ ಇಮೇಲ್ ಪತ್ರಿಕೆಗೂ ಸೊಗಸು, ಕಾರ್ಟ್ ಮಾತ್ರ ಅದರಲ್ಲಿಲ್ಲ. ಮಜೆಂಟೊದಂಥ ದೊಡ್ಡ ಅಂಗಡಿ ಸಾಫ್ಟ್‌ವೇರ್‌ನಲ್ಲಿ ಬ್ಲಾಗೇ ಇಲ್ಲ, ಅದನ್ನು ಹೊರಗಿನಿಂದ ಜೋಡಿಸಿಕೊಳ್ಳಬೇಕು.

ಕನ್ನಡದಲ್ಲಿ ಬರೆಯುವ ಅಂಗಡಿಗೆ ಇನ್ನೊಂದಿಷ್ಟು ಪರೀಕ್ಷೆಗಳಿವೆ. ನುಡಿ, ಬರಹದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸದೆ ಅಂಟಿಸಿದರೆ ಯಾವ ವೇದಿಕೆಯಲ್ಲಿ ಹಾಕಿದರೂ ಹುಡುಕಾಟದಲ್ಲಿ ಸಿಗದು. ಥೀಮ್‌ನಲ್ಲಿ ಸಾಲುಗಳ ಅಂತರ ಸಾಲದಿದ್ದರೆ ಒತ್ತಕ್ಷರದ ಬಾಲ ಕೆಳಗಿನ ಸಾಲಿಗೆ ತಾಗುತ್ತದೆ. ವಿಳಾಸದ ತೊಡಕು ಇವೆರಡಕ್ಕಿಂತ ದೊಡ್ಡದು. ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ ಯುಟಿಎಫ್-8ರಲ್ಲಿ 3 ಬೈಟ್. ವೆಬ್ ವಿಳಾಸದೊಳಗೆ ಹೋದಾಗ ಅದು ಶೇಕಡಾ ಗುರುತುಗಳ ಸಮೇತ 9 ಅಕ್ಷರವಾಗುತ್ತದೆ. 'ಇಳಕಲ್-ಸೀರೆ' ಎಂಬಷ್ಟಕ್ಕೇ 82. ವರ್ಡ್‌ಪ್ರೆಸ್‌ನಲ್ಲಿ ಲೇಖನದ ಹೆಸರಿಗೆ ವಿಳಾಸದಲ್ಲಿ ಇರುವ ಮಿತಿ 200, ಅಂದರೆ ಕನ್ನಡದ 22 ಚಿಹ್ನೆಗಳು. ಉದ್ದದ ತಲೆಬರಹವಾದರೆ ವಿಳಾಸ ನಡುವೆ ತುಂಡಾಗುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಗೋಜಲಾಗಿ ಕಾಣುತ್ತದೆ. ತಲೆಬರಹ ಕನ್ನಡದಲ್ಲೇ ಇದ್ದು ವಿಳಾಸವನ್ನಷ್ಟೇ ಚಿಕ್ಕದಾಗಿ ರೋಮನ್ ಲಿಪಿಯಲ್ಲಿ ಬರೆಯುವುದು ಸದ್ಯಕ್ಕೆ ಜಾಣ ದಾರಿ. ವಿಳಾಸವನ್ನು ಕೈಯಾರೆ ತಿದ್ದಲು ವೇದಿಕೆ ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಮುಂದೆಂದಾದರೂ ವೇದಿಕೆ ಬಿಟ್ಟು ಹೊರಡಬೇಕಾದರೆ ಏನು ಕೈಗೆ ಬರುತ್ತದೆ ಎಂಬುದೂ ಆಯ್ಕೆಯ ಭಾಗವೇ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ 301 ರೀಡೈರೆಕ್ಟ್ ಇಲ್ಲದಿದ್ದರೆ ವರ್ಷಗಟ್ಟಲೆ ಗಳಿಸಿದ ಲಿಂಕ್‌ಗಳೆಲ್ಲ ಸತ್ತಂತೆ. ಬ್ಲಾಗರ್‌ನ ರೀಡೈರೆಕ್ಟ್ ಆ ಬ್ಲಾಗ್‌ನೊಳಗೆ ಮಾತ್ರ ನಡೆಯುತ್ತದೆ, ಬೇರೆ ಡೊಮೈನ್‌ಗೆ ದಾಟಿಸುವುದಿಲ್ಲ. ಸ್ವಂತ ಡೊಮೈನ್ ಇದ್ದವರು ಹೊಸ ವೇದಿಕೆಯಲ್ಲಿ ಹಳೆಯ ವಿಳಾಸಗಳ ಪಟ್ಟಿ ಮಾಡಿ ಒಂದೊಂದಕ್ಕೂ ದಾರಿ ತೋರಿಸಬಹುದು. ವರ್ಡ್‌ಪ್ರೆಸ್ ಕೊಡುವ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಲೇಖನಗಳೆಲ್ಲ ಇರುತ್ತವೆ, ಚಿತ್ರಗಳಿರುವುದಿಲ್ಲ. ಇರುವುದು ಅವುಗಳ ವಿಳಾಸ ಮಾತ್ರ. ಹೊಸ ತಾಣ ಅವನ್ನು ಹಳೆಯ ಸರ್ವರ್‌ನಿಂದಲೇ ಎಳೆದುಕೊಳ್ಳುವುದರಿಂದ, ಚಿತ್ರಗಳೆಲ್ಲ ಬಂದು ತಲುಪಿದವೆಂದು ಖಾತ್ರಿಯಾಗುವವರೆಗೆ ಹಳೆಯ ಹೋಸ್ಟಿಂಗ್ ರದ್ದು ಮಾಡಬಾರದು.