ತೆರೆಯ ಹಿಂದಿನ ನೀರುಗಂಟಿ

ಮಕ್ಕಳೇ, ನಾನು ಪಾಠ ಮಾಡೋದು ಹಿಂದೂಪುರದಲ್ಲಿ. ಅಪ್ಪ ಅಮ್ಮ ಇರೋದು ಕಲ್ಯಾಣದುರ್ಗದಲ್ಲಿ. ಒಂದು ಶನಿವಾರ ಊರಿಗೆ ಹೋಗಿದ್ದೆ. ಸಂಜೆ ಫೋನ್ ಬಂತು: "ಮಿಸ್, ಪಾಠ ಬರ್ತಾ ಇಲ್ಲ. ಸೋಮವಾರ ಟೆಸ್ಟ್ ಇದೆ!"

ವಿಷಯ ಇಷ್ಟೇ. ಹಿಂದೂಪುರದ ನನ್ನ ಬಾಡಿಗೆ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಕನ್ನಡದಲ್ಲಿ ನಾನೇ ರೆಕಾರ್ಡ್ ಮಾಡಿದ ವಿಜ್ಞಾನದ ಪಾಠಗಳು ಅದರಲ್ಲಿವೆ. ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ ಅವನ್ನು ಮನೆಯ ವೈಫೈ ಮೂಲಕ ಹಂಚುತ್ತದೆ. ಜಗಲಿಯಲ್ಲಿ ಕೂತು, ಫೋನಿನ ಬ್ರೌಸರಿನಲ್ಲಿ ಆ ಕಂಪ್ಯೂಟರಿನ ವಿಳಾಸವನ್ನೂ 8096 ಎಂಬ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ ಪಾಠ ಓಡುತ್ತದೆ. ಇಂಟರ್ನೆಟ್ ಬೇಡ. ರೀಚಾರ್ಜ್ ಮುಗಿದ ಫೋನೂ ಸಾಕು.

ಆ ದಿನ ಕರೆಂಟ್ ಹೋಗಿ ಬಂದಿತ್ತು. ಕಂಪ್ಯೂಟರ್ ತಾನಾಗಿ ಆನ್ ಆಗಿತ್ತು. ಅದಕ್ಕೆ ಬಯಾಸ್‌ನಲ್ಲಿ ಮೊದಲೇ ವ್ಯವಸ್ಥೆ ಮಾಡಿದ್ದೆ. ಆದರೆ ಕಿಟಕಿಯಿಂದ ಇಣುಕಿದ ಹುಡುಗಿ ಹೇಳಿದಳು: "ಪಾಸ್‌ವರ್ಡ್ ಕೇಳ್ತಾ ನಿಂತಿದೆ ಮಿಸ್." ಮನೆಗೆ ಬೀಗ. ನಾನು ಲಾಗಿನ್ ಆಗಿ ಕೈಯಾರೆ ಶುರು ಮಾಡಿದರೆ ಮಾತ್ರ ಜೆಲ್ಲಿಫಿನ್ ಏಳುತ್ತಿತ್ತು. ತಪ್ಪು ನನ್ನದೇ.

ಎಬ್ಬಿಸದೆ ಏಳುವ ಕೆಲಸಗಾರ

ನಮ್ಮ ಕಡೆ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ನೀವು ಮಲಗಿದ್ದರೂ ಅವನು ಹೊತ್ತಿಗೆ ಸರಿಯಾಗಿ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ. ಕಂಪ್ಯೂಟರಿನಲ್ಲೂ ಹೀಗೆ ತೆರೆಯ ಹಿಂದೆ ದುಡಿಯುವ ಪ್ರೋಗ್ರಾಂಗಳಿವೆ. ಅವುಗಳಿಗೆ 'ಸರ್ವೀಸ್' ಅಥವಾ 'ಡೀಮನ್' ಅಂತಾರೆ.

ಡೀಮನ್ ಅನ್ನೋ ಹೆಸರು ಬಂದದ್ದು ಭೌತಶಾಸ್ತ್ರದಿಂದ! 1867ರಲ್ಲಿ ಮ್ಯಾಕ್ಸ್‌ವೆಲ್ ಒಂದು ಪುಟ್ಟ ಜೀವಿಯನ್ನು ಕಲ್ಪಿಸಿಕೊಂಡರು. ಅದು ಒಂದು ಕಿಂಡಿಯ ಬಳಿ ಕೂತು, ವೇಗದ ಅಣುಗಳನ್ನು ಒಂದು ಕಡೆಗೆ, ನಿಧಾನದವನ್ನು ಇನ್ನೊಂದು ಕಡೆಗೆ ಬಿಡುತ್ತಲೇ ಇರುತ್ತದೆ. ಅದೇ 'ಮ್ಯಾಕ್ಸ್‌ವೆಲ್‌ನ ಡೀಮನ್'. 1963ರ ಸುಮಾರಿಗೆ ಅಮೆರಿಕದ ಎಂಐಟಿಯವರು ಹಿನ್ನೆಲೆಯಲ್ಲಿ ದುಡಿಯುವ ಪ್ರೋಗ್ರಾಂಗಳಿಗೆ ಆ ಹೆಸರನ್ನಿಟ್ಟರು.

ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಈ ಕೆಲಸಗಾರರಿಗೆಲ್ಲ ಮೇಸ್ತ್ರಿ 'ಸಿಸ್ಟಂಡಿ'. ಕೊನೆಯ 'ಡಿ' ಅಂದರೆ ಡೀಮನ್. ಕಂಪ್ಯೂಟರ್ ಏಳುವಾಗ ಕರ್ನಲ್ ಮೊದಲು ಶುರು ಮಾಡುವ ಪ್ರೋಗ್ರಾಂ ಅದೇ. ಅದರ ಸಂಖ್ಯೆ 1. ಯಾರನ್ನು ಎಬ್ಬಿಸಬೇಕು, ಯಾರ ನಂತರ ಯಾರು, ಒಬ್ಬ ಮುಗ್ಗರಿಸಿ ಬಿದ್ದರೆ ಮತ್ತೆ ಎಬ್ಬಿಸಬೇಕೇ ಎಂಬುದನ್ನೆಲ್ಲ ಪುಟ್ಟ ಕಡತಗಳಲ್ಲಿ ಓದಿಕೊಂಡು ನಡೆಸುತ್ತದೆ. ಯಾರೂ ಲಾಗಿನ್ ಆಗಬೇಕಿಲ್ಲ.

ತೂಬಿನ ಕೀಲಿ ಮಾತ್ರ

ಭಾನುವಾರ ರಾತ್ರಿ ಬಂದವಳೇ ಜೆಲ್ಲಿಫಿನ್ ಅನ್ನು ಸರ್ವೀಸ್ ಆಗಿ ಸ್ಥಾಪಿಸಿದೆ. ಪರೀಕ್ಷಿಸಲು ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದೆ. ಲಾಗಿನ್ ಆಗದೆಯೇ ಫೋನಿನಲ್ಲಿ ಪುಟ ತೆರೆಯಿತು. ಆದರೆ ಒಂದು ಪಾಠವೂ ಕಾಣಲಿಲ್ಲ!

ಯಾಕೆ ಗೊತ್ತಾ? ಸರ್ವೀಸ್ ನನ್ನ ಹೆಸರಿನಲ್ಲಿ ಓಡುವುದಿಲ್ಲ. ಅದಕ್ಕೆ 'ಜೆಲ್ಲಿಫಿನ್' ಎಂಬ ಪ್ರತ್ಯೇಕ ಬಳಕೆದಾರ ಇದ್ದಾನೆ. ನನ್ನ ಖಾಸಗಿ ಫೋಲ್ಡರ್ ತೆರೆಯಲು ಅವನಿಗೆ ಅನುಮತಿ ಇರಲಿಲ್ಲ. ಇದು ಒಳ್ಳೇದೇ. ನೀರುಗಂಟಿ ಹತ್ತಿರ ತೂಬಿನ ಕೀಲಿ ಇದ್ದರೆ ಸಾಕು, ನಮ್ಮನೆ ಕಣಜದ ಕೀಲಿ ಯಾಕೆ? ಅದೇ ಫೋಲ್ಡರಿನಲ್ಲಿ ನಿಮ್ಮ ಪ್ರಶ್ನೆಪತ್ರಿಕೆಯೂ ಇತ್ತು ಕಣ್ರೋ! ಪಾಠಗಳನ್ನು ಬೇರೆ ಫೋಲ್ಡರಿಗೆ ಹಾಕಿ, ಓದಲು ಮಾತ್ರ ಅನುಮತಿ ಕೊಟ್ಟೆ. ಎಲ್ಲ ಪಾಠಗಳೂ ಬಂದವು. ಟೆಸ್ಟನ್ನು ಬುಧವಾರಕ್ಕೆ ಹಾಕಿದೆ.

ಮಾಡಿ ನೋಡಿ

ಶಾಲೆಯ ಲ್ಯಾಬಿನಲ್ಲಿ ವಿಂಡೋಸ್ ಇದ್ದರೆ, ಶಿಕ್ಷಕರನ್ನು ಕೇಳಿ ಟಾಸ್ಕ್ ಮ್ಯಾನೇಜರಿನಲ್ಲಿ 'ಸರ್ವೀಸಸ್' ತೆರೆಯಿರಿ. 'ರನ್ನಿಂಗ್' ಎಂದಿರುವವು ಎಷ್ಟು, ಎಣಿಸಿ. ಯಾವುದನ್ನೂ ನಿಲ್ಲಿಸಬೇಡಿ. ನೀವು ಸುಮ್ಮನೆ ಕೂತಾಗಲೂ ಎಷ್ಟು ಜನ ದುಡೀತಿದ್ದಾರೆ ಅಂತ ಗೊತ್ತಾಗುತ್ತೆ.